ಹೈಬ್ರಿಡ್ ಗಾಡಿಯೂ ಗೃಹಸ್ಥನ ಲೆಕ್ಕವೂ

ಮನೆ ಕಟ್ಟಿಸುವುದು, ಮಕ್ಕಳ ಮದುವೆ ಮಾಡುವುದು – ಇವೆರಡನ್ನು ಬಿಟ್ಟರೆ ಇಂದಿನ ಗೃಹಸ್ಥನಿಗೆ ಒದಗುವ ದೊಡ್ಡ ವೆಚ್ಚವೆಂದರೆ ಮೋಟಾರು ಗಾಡಿಯನ್ನು ಕೊಳ್ಳುವುದೇ ಆಗಿದೆ. ಆದರೆ ಆಶ್ಚರ್ಯವೇನೆಂದರೆ, ಒಂದು ಸೀರೆಯನ್ನು ಕೊಳ್ಳಬೇಕಾದರೆ ನಾಲ್ಕು ಅಂಗಡಿಗಳನ್ನು ಹತ್ತಿ ಇಳಿಯುವ, ಒಂದು ಮಡಕೆಯನ್ನು ಕೊಳ್ಳಬೇಕಾದರೆ ಬೆರಳಿನಿಂದ ತಟ್ಟಿ ನಾದವನ್ನು ಕೇಳುವ ನಾವು, ಲಕ್ಷಗಟ್ಟಲೆ ರೂಪಾಯಿ ಬೆಲೆಯ ಗಾಡಿಯನ್ನು ಮಾತ್ರ ಒಂದೇ ಮಧ್ಯಾಹ್ನದಲ್ಲಿ, ಮಾರುವವನ ಮಾತನ್ನು ನಂಬಿ, ಒಪ್ಪಿಕೊಂಡು ಬಂದುಬಿಡುತ್ತೇವೆ. ‘ಹೈಬ್ರಿಡ್’ ಎಂಬ ಹೆಸರು ಪೇಟೆಗೆ ಬಂದ ಮೇಲಂತೂ ಈ ಗೊಂದಲವು ಇನ್ನಷ್ಟು ಹೆಚ್ಚಿದೆ. ಆದುದರಿಂದ ಈ ಗಾಡಿ ಎಂತಹುದು, ದಿನನಿತ್ಯದ ಓಡಾಟದಲ್ಲಿ ಯಾರಿಗೆ ಒಪ್ಪುವುದು, ಯಾರಿಗೆ ಒಪ್ಪದು ಎಂಬುದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆದಿದ್ದೇನೆ.

ಇದಕ್ಕೆ ನಿಮಿತ್ತವಾದುದು ಒಂದು ಚಿಕ್ಕ ಸಂಗತಿ. ನನ್ನ ಬಾಲ್ಯಸ್ನೇಹಿತರೊಬ್ಬರು ಬೆಂಗಳೂರಿನ ಬಸವನಗುಡಿಯಲ್ಲಿ ವಾಸವಾಗಿದ್ದಾರೆ. ಅವರಿಗೆ ಕೆಲಸವಿರುವುದು ವೈಟ್‌ಫೀಲ್ಡಿನಲ್ಲಿ. ಹೋಗಿ ಬರುವುದಕ್ಕೆ ದಿನವೊಂದಕ್ಕೆ ಹತ್ತಿರ ಹತ್ತಿರ 50 ಕಿಲೋಮೀಟರು. ಮನೆಯಲ್ಲಿ ಮಂಡಿನೋವಿನ ವೃದ್ಧ ತಾಯಿ, ಪತ್ನಿ, ಕಾಲೇಜು ಸೇರಲಿರುವ ಮಗಳು, ಶಾಲೆಗೆ ಹೋಗುವ ಮಗ. ಹಳೆಯ ಕಾರು ಹನ್ನೊಂದು ವರ್ಷ ದುಡಿದು ದಣಿದಿತ್ತು. ತಗ್ಗಾದ ಕಾರಿನಲ್ಲಿ ತಾಯಿಗೆ ಕೂರುವುದೂ ಏಳುವುದೂ ಪ್ರಯಾಸವಾದುದರಿಂದ, ಎಸ್‌ಯುವಿ ಎಂದು ಜನರು ಕರೆಯುವ ಎತ್ತರದ ಗಾಡಿಗಳಲ್ಲಿ ಚಿಕ್ಕದೊಂದನ್ನು ಕೊಳ್ಳಲು ಅವರು ಮನಸ್ಸು ಮಾಡಿದ್ದರು. ಮಾರುವವನು, “ಹೈಬ್ರಿಡ್ ತೆಗೆದುಕೊಳ್ಳಿ ಸಾರ್, ಬೆಲೆ ಸ್ವಲ್ಪ ಹೆಚ್ಚು, ಆದರೆ ಪೆಟ್ರೋಲಿನಲ್ಲೇ ಹಣ ವಾಪಸು ಬಂದುಬಿಡುತ್ತದೆ” ಎಂದನಂತೆ. ಆ ‘ಸ್ವಲ್ಪ’ ಹಣವನ್ನು ಮಗಳ ವ್ಯಾಸಂಗಕ್ಕೆಂದು ಬ್ಯಾಂಕಿನಲ್ಲಿಟ್ಟಿದ್ದ ಠೇವಣಿಯಿಂದ ತೆಗೆಯಬೇಕಾಗಿದ್ದಿತು. ಸ್ನೇಹಿತರ ಪತ್ನಿಯು ನನ್ನನ್ನು ಕಂಡು, “ಅಣ್ಣಾ, ನೀವಾದರೂ ಸರಿಯಾಗಿ ನೋಡಿ ಹೇಳಿ. ಹಣ ವಾಪಸು ಬರುವುದು ನಿಜವಾದರೆ ಎಷ್ಟು ವರ್ಷಕ್ಕೆ ಬರುತ್ತದೆ? ಅಷ್ಟರಲ್ಲಿ ಹುಡುಗಿಯ ಓದು ಮುಗಿದೇ ಹೋದರೆ?” ಎಂದು ಕೇಳಿದರು. ಇಡೀ ವಿಷಯದ ತಿರುಳೇ ಈ ಪ್ರಶ್ನೆಯಲ್ಲಿದೆ.

ಯಂತ್ರದ ಗುಟ್ಟು

ಉತ್ತರವನ್ನು ಹೇಳುವುದಕ್ಕೆ ಮೊದಲು ಈ ಗಾಡಿಯು ಪೆಟ್ರೋಲನ್ನು ಹೇಗೆ ಉಳಿಸುವುದೆಂಬುದನ್ನು ತಿಳಿಯಬೇಕು. ಮೂರು ನಾಲ್ಕು ಜನ ಕುಳಿತ ಈ ಗಾತ್ರದ ಗಾಡಿಯ ತೂಕವು ಸುಮಾರು 1,500 ಕಿಲೋಗ್ರಾಂ. ಅದು ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಓಡುತ್ತಿರುವಾಗ ಅದರಲ್ಲಿ ಅಡಗಿರುವ ಶಕ್ತಿಯು, ನಮ್ಮ ಮನೆಯ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಯೂನಿಟ್ಟಿನ ಇಪ್ಪತ್ತೈದನೆಯ ಒಂದು ಪಾಲು. ಸಿಗ್ನಲಿನ ಕೆಂಪು ದೀಪವನ್ನು ಕಂಡು ಬ್ರೇಕು ಒತ್ತಿದೊಡನೆ ಈ ಶಕ್ತಿಯೆಲ್ಲವೂ ಬ್ರೇಕಿನ ಬಿಸಿಯಾಗಿ ಗಾಳಿಯಲ್ಲಿ ಸೇರಿಹೋಗುವುದು. ಪುನಃ ಅದೇ ವೇಗವನ್ನು ಪಡೆಯಲು ಇಂಜಿನು ಸುಮಾರು ಒಂದು ದೊಡ್ಡ ಚಮಚದಷ್ಟು ಪೆಟ್ರೋಲನ್ನು ಹೊಸದಾಗಿ ಸುಡಬೇಕು. ಒಂದು ದಿನದಲ್ಲಿ ನಾವು ಎಷ್ಟು ಸಲ ನಿಲ್ಲುತ್ತೇವೆ, ಎಷ್ಟು ಸಲ ಹೊರಡುತ್ತೇವೆ ಎಂಬುದನ್ನು ನೆನೆದರೆ, ನಗರದಲ್ಲಿ ಪೆಟ್ರೋಲು ಎಲ್ಲಿ ಸೋರಿಹೋಗುತ್ತಿದೆಯೆಂಬುದು ತಾನೇ ತಿಳಿಯುವುದು.

ಹೈಬ್ರಿಡ್ ಗಾಡಿಯಲ್ಲಿ ಪೆಟ್ರೋಲು ಇಂಜಿನಿನ ಜೊತೆಗೆ ಒಂದು ವಿದ್ಯುತ್ ಮೋಟಾರೂ ಒಂದು ಬ್ಯಾಟರಿಯೂ ಇರುವುವು. ಬ್ರೇಕು ಒತ್ತಿದಾಗ ಆ ಮೋಟಾರೇ ಡೈನಮೋ ಆಗಿ ತಿರುಗಿ, ಪೋಲಾಗಬೇಕಾಗಿದ್ದ ಶಕ್ತಿಯಲ್ಲಿ ಒಂದು ಭಾಗವನ್ನು ಹಿಡಿದು ಬ್ಯಾಟರಿಗೆ ತುಂಬುವುದು. ಹೊರಡುವಾಗ ಅದೇ ಶಕ್ತಿಯನ್ನು ಹಿಂದಕ್ಕೆ ಕೊಡುವುದು. ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ ಎಂಬ ನಮ್ಮ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವಿರಲಾರದು. ಇದರ ಮೇಲೆ ಇನ್ನೊಂದು ಲಾಭವುಂಟು. ಪೆಟ್ರೋಲು ಇಂಜಿನು ಆಮೆಯ ನಡಿಗೆಯಲ್ಲಿ ದುಡಿಯುವಾಗ ತಿನ್ನುವುದು ಹೆಚ್ಚು, ಕೊಡುವುದು ಕಡಮೆ. ಅಂತಹ ಹೊತ್ತಿನಲ್ಲಿ ಈ ಗಾಡಿಯು ಇಂಜಿನನ್ನು ಮಲಗಿಸಿ, ಬ್ಯಾಟರಿಯ ಬಲದಿಂದಲೇ ಸಾಗುವುದು.

ಈ ಉಪಾಯವು ಇಂದಿನದಲ್ಲ. 1900ರ ಸುಮಾರಿನಲ್ಲಿಯೇ ವಿಯೆನ್ನಾ ನಗರದಲ್ಲಿ ಲೋನರ್ ಗಾಡಿ ಕಾರ್ಖಾನೆಯಲ್ಲಿದ್ದ ಫರ್ಡಿನೆಂಡ್ ಪೋರ್ಷೆ ಎಂಬ ತರುಣ ಇಂಜಿನಿಯರನು ಪೆಟ್ರೋಲು ಮತ್ತು ವಿದ್ಯುತ್ತು ಎರಡನ್ನೂ ಕೂಡಿಸಿದ ಗಾಡಿಯೊಂದನ್ನು ಕಟ್ಟಿದ್ದನು. ಆದರೆ ಅದು ಜನಸಾಮಾನ್ಯರ ಕೈಗೆ ಬರುವಂತೆ ಕಾರ್ಖಾನೆಯಿಂದ ಸಾವಿರಗಟ್ಟಲೆ ಹೊರಟುದು 1997ರಲ್ಲಿ, ಜಪಾನಿನ ಟೊಯೋಟಾ ಕಂಪನಿಯ ಪ್ರಿಯಸ್ ಎಂಬ ಕಾರಿನಿಂದ.

ಒಂದೇ ಹೆಸರು, ಎರಡು ಬಗೆ

ಇಲ್ಲಿ ವಾಚಕರು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಪೇಟೆಯಲ್ಲಿ ‘ಹೈಬ್ರಿಡ್’ ಎಂಬ ಒಂದೇ ಮಾತನ್ನು ಎರಡು ಬೇರೆ ಬೇರೆ ಪದಾರ್ಥಗಳಿಗೆ ಬಳಸುತ್ತಾರೆ. ‘ಮೈಲ್ಡ್ ಹೈಬ್ರಿಡ್’ ಎಂಬುದರಲ್ಲಿ ಚಿಕ್ಕದೊಂದು ಮೋಟಾರು ಇಂಜಿನಿಗೆ ಸ್ವಲ್ಪ ಕೈಗೊಡುವುದೇ ಹೊರತು, ತಾನೊಂದೇ ಗಾಡಿಯನ್ನು ಎಳೆಯಲಾರದು. ‘ಸ್ಟ್ರಾಂಗ್ ಹೈಬ್ರಿಡ್’ ಎಂಬುದರಲ್ಲಿ ಮಾತ್ರ ಇಂಜಿನು ನಿಂತಿರುವಾಗಲೂ ಮೋಟಾರು ಗಾಡಿಯನ್ನು ಓಡಿಸಬಲ್ಲದು. ಮೊದಲನೆಯದು ಅಡಿಗೆಮನೆಯಲ್ಲಿ ತರಕಾರಿ ಹೆಚ್ಚಿಕೊಡುವ ಹುಡುಗನಂತೆ. ಎರಡನೆಯದು ಅಡಿಗೆಯನ್ನೇ ಮಾಡಿ ಇಳಿಸಬಲ್ಲ ಸೊಸೆಯಂತೆ. ಬೆಲೆಯಲ್ಲಿಯೂ ಉಳಿತಾಯದಲ್ಲಿಯೂ ಇವೆರಡಕ್ಕೂ ಅಂತರವು ಬಹಳ. ಯಾವ ಬಗೆಯದೆಂದು ಕೇಳಿ ತಿಳಿಯದೆ ಮುಂಗಡವನ್ನು ಕೊಡಲಾಗದು.

ನಮಗೆ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೈಸೂರು ರಸ್ತೆಯಲ್ಲಿ, ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿದೆ. 2013ರಲ್ಲಿ ಕ್ಯಾಮ್ರಿ ಎಂಬ ದೊಡ್ಡ ಹೈಬ್ರಿಡ್ ಕಾರನ್ನು ಅಲ್ಲಿ ಜೋಡಿಸತೊಡಗಿದರು. 2022ರಲ್ಲಿ ಅಲ್ಲಿಂದಲೇ ಅರ್ಬನ್ ಕ್ರೂಸರ್ ಹೈರೈಡರ್ ಎಂಬ ಚಿಕ್ಕ ಎಸ್‌ಯುವಿಯೂ, ಅದರ ಅವಳಿಯಂತಿರುವ ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರವೂ ಹೊರಬಂದುವು. ಎರಡೂ ಗಾಡಿಗಳಲ್ಲಿ ಮೇಲೆ ಹೇಳಿದ ಎರಡು ಬಗೆಗಳೂ ಇದ್ದುವು. ಸ್ಟ್ರಾಂಗ್ ಹೈಬ್ರಿಡ್ ಬಗೆಯಲ್ಲಿ 1,490 ಸಿ.ಸಿ.ಯ ಮೂರು ಸಿಲಿಂಡರಿನ ಇಂಜಿನು. ಅದರ ಬಲ 92 ಅಶ್ವಶಕ್ತಿ. ಮೋಟಾರಿನ ಬಲ 80 ಅಶ್ವಶಕ್ತಿ. ಎರಡೂ ಒಂದೇ ಗಳಿಗೆಯಲ್ಲಿ ತಮ್ಮ ಪೂರ್ಣಬಲವನ್ನು ಕೊಡುವುದಿಲ್ಲವಾದುದರಿಂದ ಒಟ್ಟು ಬಲವು 172 ಅಲ್ಲ, ಸುಮಾರು 116. ಬ್ಯಾಟರಿಯು ಹಿಡಿಯುವುದು 0.76 ಯೂನಿಟ್ಟು, ಎಂದರೆ ಮುಕ್ಕಾಲು ಯೂನಿಟ್ಟಿನಷ್ಟು ಮಾತ್ರ. ಅದು ಕಣಜವಲ್ಲ, ಕೈಚೀಲ. ಘಳಿಗೆಗೊಮ್ಮೆ ತುಂಬುವುದು, ಘಳಿಗೆಗೊಮ್ಮೆ ಬರಿದಾಗುವುದು. ಇದನ್ನು ಮನೆಯ ಗೋಡೆಗೆ ತಂತಿ ಚುಚ್ಚಿ ತುಂಬಬೇಕಾಗಿಲ್ಲ, ತುಂಬಲು ಬರುವುದೂ ಇಲ್ಲ. ಕುಡಿಯುವುದು ಪೆಟ್ರೋಲನ್ನೇ.

ಈ ಗಾಡಿಯು ಒಂದು ಲೀಟರಿಗೆ 27.97 ಕಿಲೋಮೀಟರು ಓಡುವುದೆಂದು ಸಾರಲಾಯಿತು. ಈ ಅಂಕಿ ಸುಳ್ಳಲ್ಲ. ಆದರೆ ಅದು ಪರೀಕ್ಷಾಲಯದಲ್ಲಿ ಉರುಳೆಗಳ ಮೇಲೆ ಗಾಡಿಯನ್ನು ಓಡಿಸಿ ಪಡೆದ ಅಂಕಿ. ಅಲ್ಲಿ ಸಿಲ್ಕ್ ಬೋರ್ಡಿನ ಜಂಗುಳಿಯಿಲ್ಲ, ಹಿಂದಿನ ಆಸನದಲ್ಲಿ ಜಗಳವಾಡುವ ಮಕ್ಕಳಿಲ್ಲ. ಬೇರೆ ಬೇರೆ ಗಾಡಿಗಳನ್ನು ಒಂದಕ್ಕೊಂದು ಹೋಲಿಸುವುದಕ್ಕೆ ಅಂತಹ ಅಂಕಿಯು ಪ್ರಯೋಜನಕ್ಕೆ ಬರುವುದೇ ಹೊರತು, ತಿಂಗಳ ಖರ್ಚಿನ ಲೆಕ್ಕವನ್ನು ಬರೆಯುವುದಕ್ಕೆ ಬಾರದು.

ಓಡಿಸಿ ನೋಡಿದುದು

ಸ್ನೇಹಿತರೂ ನಾನೂ ಇಂತಹ ಗಾಡಿಯೊಂದನ್ನು ಕೇಳಿ ಪಡೆದು, ಕೆಲಸದ ದಿನವೊಂದರ ಬೆಳಿಗ್ಗೆ ಅವರು ನಿತ್ಯವೂ ಹೋಗುವ ದಾರಿಯಲ್ಲಿಯೇ ಹೊರಟೆವು. ಅವರ ತಾಯಿಯವರೂ ಜಯನಗರದಲ್ಲಿರುವ ಮಗಳ ಮನೆಯವರೆಗೆ ಬರುವೆನೆಂದು ಹತ್ತಿದರು. ಎತ್ತರದ ಆಸನದ ಮೇಲೆ ಅವರು ಬಗ್ಗದೆ, ಯಾರ ಕೈಯನ್ನೂ ಹಿಡಿಯದೆ ಕುಳಿತುದನ್ನು ಕಂಡು ಸ್ನೇಹಿತರ ಮುಖವು ಅರಳಿತು. ಗುಂಡಿಯನ್ನು ಒತ್ತಿದರೆ ಸದ್ದೇ ಇಲ್ಲ. ಗಾಡಿ ಬೀದಿಗೆ ಇಳಿದು ಹತ್ತು ಮಾರು ಹೋದ ಮೇಲೆ ಮುದುಕಮ್ಮನವರು, “ಇನ್ನೂ ಚಾಲೂ ಮಾಡಲಿಲ್ಲವೇನಪ್ಪಾ?” ಎಂದು ಕೇಳಿದರು!

ಈ ನಿಶ್ಶಬ್ದವು ಒಳಗಿರುವವರಿಗೆ ಸುಖ, ಹೊರಗಿರುವವರಿಗೆ ಅಪಾಯ. ಗಲ್ಲಿಯಲ್ಲಿ ಚೆಂಡಾಡುವ ಹುಡುಗರಿಗೂ, ಕಿವಿ ಮಂದವಾದ ವೃದ್ಧರಿಗೂ ಗಾಡಿ ಬಂದುದು ಸುಲಭವಾಗಿ ತಿಳಿಯದು. ಆದುದರಿಂದ ಮನೆಯ ಬಾಗಿಲಿನಲ್ಲಿ ಹಿಂದಕ್ಕೆ ತೆಗೆಯುವಾಗ ಎರಡು ಪಾಲು ಎಚ್ಚರವಿರಬೇಕು.

ಸಿಲ್ಕ್ ಬೋರ್ಡಿನಿಂದ ಮಾರತಹಳ್ಳಿಯ ಕಡೆಗೆ, ವಾಹನಗಳು ಇರುವೆಯ ಸಾಲಿನಂತೆ ತೆವಳುತ್ತಿದ್ದಲ್ಲಿ, ಈ ಗಾಡಿಯ ಗುಣವು ಪೂರ್ಣವಾಗಿ ಕಂಡಿತು. ಸುತ್ತಲಿನ ಗಾಡಿಗಳೆಲ್ಲ ನಿಂತಲ್ಲಿಯೇ ಹೊಗೆಯುಗುಳುತ್ತಿರಲು, ನಮ್ಮ ಇಂಜಿನು ಹೆಚ್ಚು ಹೊತ್ತು ಮಲಗಿಯೇ ಇದ್ದಿತು. ಕ್ಲಚ್ಚಿನ ಕಾಟವಿಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಬ್ಯಾಟರಿಯು ತಗ್ಗಿದಾಗ ಇಂಜಿನು ಸಣ್ಣದೊಂದು ನಡುಕದೊಡನೆ ಎಚ್ಚತ್ತು, ಕೆಲವು ನಿಮಿಷ ದುಡಿದು, ಮತ್ತೆ ಮಲಗುವುದು.

ಬರುವ ಭಾನುವಾರ ಮೈಸೂರಿನ ಹೊಸ ಹೆದ್ದಾರಿಯಲ್ಲಿ ಹೋದಾಗ ಚಿತ್ರವು ಬದಲಾಯಿತು. ಅಲ್ಲಿ ಬ್ರೇಕಿಗೆ ಕೆಲಸವಿಲ್ಲ. ಆದುದರಿಂದ ಹಿಂದಕ್ಕೆ ಪಡೆಯುವ ಶಕ್ತಿಯೂ ಇಲ್ಲ. ಇಂಜಿನು ಬಹುಮಟ್ಟಿಗೆ ಸಾಧಾರಣ ಗಾಡಿಯಂತೆಯೇ ಎಡೆಬಿಡದೆ ದುಡಿಯುವುದು. ಮುಂದಿನ ಲಾರಿಯನ್ನು ದಾಟಲೆಂದು ಜೋರಾಗಿ ಒತ್ತಿದರೆ, ಗೇರುಗಳ ಮೆಟ್ಟಿಲಿಲ್ಲದ ಈ ರಚನೆಯಲ್ಲಿ ಇಂಜಿನು ಒಂದೇ ಶ್ರುತಿಯಲ್ಲಿ ಮೊರೆಯುವುದು. ಅಭ್ಯಾಸವಿಲ್ಲದವರಿಗೆ ಇದು ಗಾಡಿಯ ನರಳಾಟದಂತೆ ತೋರಿದರೂ, ಅದು ಈ ಬಗೆಯ ಸ್ವಭಾವವೇ ಹೊರತು ದೋಷವಲ್ಲ.

ಸ್ನೇಹಿತರ ಪತ್ನಿಯು ನಮಗೆ ಹೊಳೆಯದ ಪರೀಕ್ಷೆಯೊಂದನ್ನು ಮಾಡಿದರು. ಊರಿಗೆ ಹೋಗುವಾಗ ಒಯ್ಯುವ ಎರಡು ದೊಡ್ಡ ಪೆಟ್ಟಿಗೆಗಳನ್ನೂ ಅತ್ತೆಯವರ ಮಡಿಸುವ ಕುರ್ಚಿಯನ್ನೂ ತಂದು ಡಿಕ್ಕಿಯಲ್ಲಿ ಇಟ್ಟುನೋಡಿದರು. ಬ್ಯಾಟರಿಯನ್ನು ಹಿಂಭಾಗದಲ್ಲಿರಿಸುವ ಹೈಬ್ರಿಡ್ ಗಾಡಿಗಳಲ್ಲಿ ಡಿಕ್ಕಿಯ ತಳವು ಮೇಲೇರಿ ಜಾಗವು ಕಡಮೆಯಾಗುವುದು. ಪೆಟ್ಟಿಗೆಯೊಂದು ಹೊರಗೇ ಉಳಿಯಿತು. ಕೊಳ್ಳುವ ಮೊದಲು ತಮ್ಮ ಮನೆಯ ಸಾಮಾನನ್ನೇ ಒಯ್ದು ಇಟ್ಟುನೋಡುವುದು ಎಲ್ಲರಿಗೂ ಲೇಸು.

ಮುಖ್ಯವಾದ ಲೆಕ್ಕ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಎಣಿಕೆ ಸುಲಭವಾಗಲೆಂದು ಕೆಲವು ಅಂಕಿಗಳನ್ನು ಊಹಿಸಿಕೊಳ್ಳುತ್ತೇನೆ. ವಾಚಕರು ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು. ಹೈಬ್ರಿಡ್ ಗಾಡಿಗೆ ಸಾಧಾರಣ ಗಾಡಿಗಿಂತ 2,50,000 ರೂಪಾಯಿ ಹೆಚ್ಚು ತೆರಬೇಕೆಂದೂ, ಪೆಟ್ರೋಲು ಲೀಟರಿಗೆ 100 ರೂಪಾಯಿಯೆಂದೂ ಇಟ್ಟುಕೊಳ್ಳೋಣ. ನಗರದಲ್ಲಿ ಸಾಧಾರಣ ಗಾಡಿಯು ಲೀಟರಿಗೆ 12, ಹೈಬ್ರಿಡ್ 20 ಕಿಲೋಮೀಟರು ಓಡಲಿ.

ನನ್ನ ಸ್ನೇಹಿತರು ವರ್ಷಕ್ಕೆ 15,000 ಕಿಲೋಮೀಟರು ಓಡಿಸುವವರು. ಸಾಧಾರಣ ಗಾಡಿಗೆ 1,250 ಲೀಟರು, ಹೈಬ್ರಿಡ್‌ಗೆ 750 ಲೀಟರು ಬೇಕು. ಉಳಿಯುವುದು 500 ಲೀಟರು, 50,000 ರೂಪಾಯಿ. ಐದು ವರ್ಷಕ್ಕೆ ಹಣವು ಹಿಂತಿರುಗುವುದು. ಇಲ್ಲಿಗೆ ಮಾರುವವನ ಮಾತು ನಿಜವೇ ಆಯಿತು. ಆದರೆ ಸ್ನೇಹಿತರ ಪತ್ನಿಯು ಅಷ್ಟಕ್ಕೆ ಬಿಡಲಿಲ್ಲ. “ಆ ಹಣ ಬ್ಯಾಂಕಿನಲ್ಲಿದ್ದಿದ್ದರೆ ಬಡ್ಡಿ ಬರುತ್ತಿತ್ತಲ್ಲ ಅಣ್ಣಾ, ಅದು ಎಲ್ಲಿ ಹೋಯಿತು?” ಎಂದರು. ನ್ಯಾಯವಾದ ಮಾತು. ನೂರಕ್ಕೆ ಆರರಂತೆ ಬಡ್ಡಿಯನ್ನು ಸೇರಿಸಿ ಎಣಿಸಿದರೆ ಐದು ವರ್ಷವು ಆರನ್ನು ದಾಟುವುದು.

ಇನ್ನು ನನ್ನ ವಿಷಯ. ನಾನು ಮಾರುಕಟ್ಟೆಗೂ ನೆಂಟರ ಮನೆಗೂ ಮಾತ್ರ ಗಾಡಿ ತೆಗೆಯುವವನು. ವರ್ಷಕ್ಕೆ 6,000 ಕಿಲೋಮೀಟರು. ನನಗೆ ಉಳಿಯುವುದು 20,000 ರೂಪಾಯಿ. ಬಡ್ಡಿಯಿಲ್ಲದೆ ಹನ್ನೆರಡೂವರೆ ವರ್ಷ; ಬಡ್ಡಿ ಸೇರಿದರೆ ಇಪ್ಪತ್ತನಾಲ್ಕು ವರ್ಷದ ಹತ್ತಿರ! ಗಾಡಿಯೂ ಅಷ್ಟು ಬಾಳದು, ಪ್ರಾಯಶಃ ನಾನೂ ಬಾಳಲಾರೆನು.

ಮೂರನೆಯವರೊಬ್ಬರನ್ನು ಊಹಿಸೋಣ. ಇವರೂ 15,000 ಕಿಲೋಮೀಟರು ಓಡಿಸುವವರೇ. ಆದರೆ ಓಡಾಟವೆಲ್ಲ ಹೆದ್ದಾರಿಯಲ್ಲಿ. ಅಲ್ಲಿ ಸಾಧಾರಣ ಗಾಡಿಯು 17, ಹೈಬ್ರಿಡ್ 20 ಕೊಡುವುದೆಂದರೆ ಉಳಿತಾಯವು ವರ್ಷಕ್ಕೆ ಸುಮಾರು 13,200 ರೂಪಾಯಿ. ಎರಡೂವರೆ ಲಕ್ಷದ ಬಡ್ಡಿಯೇ ವರ್ಷಕ್ಕೆ 15,000 ರೂಪಾಯಿಯಾಗುವುದರಿಂದ ಅವರ ಹಣವು ಎಂದಿಗೂ ಹಿಂತಿರುಗದು.

ಒಂದೇ ಗಾಡಿ, ಒಂದೇ ಬೆಲೆ. ಆದರೆ ಮೂವರಿಗೆ ಮೂರು ಫಲ. ಗಾಡಿಯು ಒಳ್ಳೆಯದೇ ಅಲ್ಲವೇ ಎಂಬ ಪ್ರಶ್ನೆಗಿಂತ, ನಾನು ಓಡಾಡುವ ದಾರಿ ಎಂತಹುದು, ಎಷ್ಟು ಉದ್ದದ್ದು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಇದರೊಂದಿಗೆ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಹೈಬ್ರಿಡ್ ಗಾಡಿಯು ಕ್ಲಚ್ಚಿಲ್ಲದ್ದು. ಆದುದರಿಂದ ಕ್ಲಚ್ಚಿಲ್ಲದ ಸ್ವಯಂಚಾಲಿತ ಗೇರಿನ ಸಾಧಾರಣ ಗಾಡಿಯ ಬೆಲೆಯೊಡನೆ ಇದನ್ನು ಹೋಲಿಸುವುದೇ ನ್ಯಾಯ. ಆಗ ಬೆಲೆಯ ಅಂತರವು ತಗ್ಗುವುದು. ಮತ್ತು ಹೈಬ್ರಿಡ್ ಎಂದೊಡನೆ ತೆರಿಗೆಯಲ್ಲಿ ರಿಯಾಯಿತಿಯಿರುವುದೆಂದು ಭ್ರಮಿಸಬಾರದು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರಗಳಲ್ಲಿ, ನಾಲ್ಕು ಮೀಟರಿಗಿಂತ ಉದ್ದವಾದ ಈ ಬಗೆಯ ಹೈಬ್ರಿಡ್‌ಗೆ ಸಾಧಾರಣ ಪೆಟ್ರೋಲು ಗಾಡಿಯಂತೆಯೇ ನೂರಕ್ಕೆ 40. ಕೇವಲ ವಿದ್ಯುತ್ತಿನಿಂದ ಓಡುವ ಕಾರಿಗೆ ಮಾತ್ರ ನೂರಕ್ಕೆ 5.

ಕೆಲವು ಎಚ್ಚರಿಕೆಗಳು

ಕೊಳ್ಳುವುದೆಂದು ನಿಶ್ಚಯಿಸಿದವರು ಮುಂದಿನ ಮಾತುಗಳನ್ನು ನೆನಪಿನಲ್ಲಿಡಬೇಕು. ಬ್ಯಾಟರಿಯು ಕೆಟ್ಟರೆ ಏನು ಗತಿಯೆಂಬ ಭಯವು ಸಹಜ. ಹೈರೈಡರ್ ಬಂದಾಗ ಅದರ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿಯನ್ನು ಘೋಷಿಸಲಾಯಿತು. ಯಾವ ಗಾಡಿಯನ್ನೇ ಕೊಂಡರೂ ಇಂತಹ ಮಾತನ್ನು ಬಾಯಿಂದ ಕೇಳಿ ತೃಪ್ತರಾಗದೆ ಕಾಗದದಲ್ಲಿ ಪಡೆಯಬೇಕು.

ದೊಡ್ಡ ಬ್ಯಾಟರಿಯಲ್ಲದೆ, ದೀಪ ಬಾಗಿಲುಗಳಿಗಾಗಿ 12 ವೋಲ್ಟಿನ ಚಿಕ್ಕ ಬ್ಯಾಟರಿಯೊಂದು ಇರುವುದು. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಿಟ್ಟರೆ ಅದು ಇಳಿದುಹೋಗಿ ಗಾಡಿ ಹೊರಡದಾಗುವುದು. ಊರಿಗೆ ಹೋಗುವವರು ಆಗಾಗ್ಗೆ ಯಾರಿಂದಲಾದರೂ ಗಾಡಿಯನ್ನು ಸ್ವಲ್ಪ ಹೊತ್ತು ಚಾಲೂ ಮಾಡಿಸಿಡತಕ್ಕದ್ದು. ಬಾನೆಟ್ಟಿನೊಳಗೆ ಕಿತ್ತಿಳೆ ಬಣ್ಣದ ದಪ್ಪ ತಂತಿಗಳಿರುವುವು. ಅವು ಹೆಚ್ಚಿನ ವೋಲ್ಟಿನವು. ಅವನ್ನು ಮನೆಯವರಾಗಲಿ ಬೀದಿಯ ಮೆಕ್ಯಾನಿಕ್ಕಾಗಲಿ ಮುಟ್ಟಕೂಡದು.

ಆಗುಂಬೆ, ಚಾರ್ಮಾಡಿಗಳಂತಹ ಘಾಟಿಗಳನ್ನು ಇಳಿಯುವಾಗಲೂ ಒಂದು ವಿಷಯವನ್ನು ತಿಳಿದಿರಬೇಕು. ಐನೂರು ಮೀಟರು ಇಳಿಯುವಷ್ಟರಲ್ಲಿ ಗಾಡಿಯ ಭಾರವು ಬಿಟ್ಟುಕೊಡುವ ಶಕ್ತಿಯು ಎರಡು ಯೂನಿಟ್ಟು. ಬ್ಯಾಟರಿ ಹಿಡಿಯುವುದು ಮುಕ್ಕಾಲು ಮಾತ್ರ. ಅರ್ಧ ದಾರಿಯಲ್ಲಿಯೇ ಅದು ತುಂಬಿಹೋಗಬಹುದು. ಆ ಮೇಲೆ ಶಕ್ತಿಯನ್ನು ಹಿಡಿಯುವವರಿಲ್ಲ. ಗೇರಿನ ಹಿಡಿಯಲ್ಲಿ ‘ಬಿ’ ಎಂಬ ಸ್ಥಾನವಿರುವುದು ಇದಕ್ಕಾಗಿಯೇ. ಅದರಲ್ಲಿಟ್ಟರೆ ಇಂಜಿನೇ ಗಾಡಿಯನ್ನು ತಡೆದು, ಬ್ರೇಕು ಕಾಯದಂತೆ ಕಾಪಾಡುವುದು.

ಕಡೆಯ ಮಾತು

ಸ್ನೇಹಿತರು ಕೊನೆಗೆ ಹೈಬ್ರಿಡ್ ಗಾಡಿಯನ್ನೇ ಕೊಂಡರು. ಅವರ ದಾರಿಯು ಅದಕ್ಕೆ ಹೇಳಿಮಾಡಿಸಿದಂತಿದ್ದಿತು. ನಾನು ನನ್ನ ಹಳೆಯ ಗಾಡಿಯಲ್ಲಿಯೇ ಇದ್ದೇನೆ. ನನ್ನ ದಾರಿಗೆ ಅದೇ ಸಾಕು. ಆದರೆ ಸ್ನೇಹಿತರ ಪತ್ನಿಯು ಒಪ್ಪಿಗೆ ಕೊಡುವಾಗ ವಿಧಿಸಿದ ನಿಬಂಧನೆಯನ್ನು ವಾಚಕರಿಗೆ ತಿಳಿಸದೆ ಈ ಲೇಖನವನ್ನು ಮುಗಿಸಲಾರೆ. “ಪೆಟ್ರೋಲಿನಲ್ಲಿ ಉಳಿಯಿತು ಎಂದು ಬಾಯಲ್ಲಿ ಹೇಳಿದರೆ ಆಗಲಿಲ್ಲ. ಉಳಿದ ಹಣ ಹೋಟೆಲಿಗೂ ಸಿನಿಮಾಕ್ಕೂ ಕರಗಿಹೋಗುತ್ತದೆ. ಪ್ರತಿ ತಿಂಗಳೂ 4,000 ರೂಪಾಯಿ ಹುಡುಗಿಯ ಠೇವಣಿಗೆ ಹಿಂದಕ್ಕೆ ಬೀಳಬೇಕು. ಅವಳ ಮೊದಲ ವರ್ಷಗಳ ಫೀಜಿಗೆ ಉಳಿದ ಹಣ ಸಾಕು, ಮುಂದಿನ ಓದಿಗೆ ಇದು ಬೇಕು” ಎಂದರು. ಅದರಂತೆಯೇ ಮನೆಯ ಜಮಾಖರ್ಚಿನ ಪುಸ್ತಕದಲ್ಲಿ ಹೊಸದೊಂದು ಕಲಮನ್ನು ಎಳೆದು, ಪ್ರತಿಸಲ ಟ್ಯಾಂಕು ತುಂಬಿಸಿದಾಗಲೂ ಎಷ್ಟು ಲೀಟರು, ಎಷ್ಟು ಕಿಲೋಮೀಟರು ಎಂದು ಬರೆದಿಡುತ್ತಿದ್ದಾರೆ.

ಮಹಾಶಯರೇ, ಯಂತ್ರವು ಉಳಿಸಬಲ್ಲುದು ಪೆಟ್ರೋಲನ್ನು ಮಾತ್ರ. ಹಣವನ್ನು ಉಳಿಸಬೇಕಾದವರು ಮನೆಯವರೇ. ತಮ್ಮ ದಾರಿಯನ್ನು ಅಳೆದು, ಬಡ್ಡಿಯನ್ನೂ ಸೇರಿಸಿ ಎಣಿಸಿ, ಮನೆಮಂದಿಯನ್ನೆಲ್ಲ ಕೂರಿಸಿ ನೋಡಿ ಆ ಬಳಿಕ ಕೊಳ್ಳುವ ಗೃಹಸ್ಥನು, ಯಾವ ಗಾಡಿಯನ್ನು ಮನೆಗೆ ತಂದರೂ ಪಶ್ಚಾತ್ತಾಪಪಡಬೇಕಾಗಿ ಬಾರದು.